ಬೋಳು ಬಿದ್ದ ಲಾನ್: ತೇಪೆ ಸಾಕಾ, ಪೂರ್ತಿ ಅಗೆಯಬೇಕಾ?

ಲಾನ್ ಅಲ್ಲಲ್ಲಿ ಬೋಳಾಗಿದೆ, ಏನು ಮಾಡಲಿ ಅಂತ ಕೇಳುವವರು ಸಾಮಾನ್ಯವಾಗಿ ಉತ್ತರಗಳನ್ನೂ ಜೊತೆಯಲ್ಲೇ ತಂದಿರುತ್ತಾರೆ. ಬೀಜ ಉದುರಿಸಲಾ? ಬೇರು, ಮಣ್ಣಿನ ಸಮೇತ ಕಿತ್ತು ಮಾರುವ ಹುಲ್ಲಿನ ಚಾಪೆ ತಂದು ಹಾಸಲಾ? ಒಂದು ಲೋಡ್ ಒಳ್ಳೆ ಮಣ್ಣು ಸುರಿಯಲಾ? ಇಲ್ಲ, ಎಲ್ಲ ಕಿತ್ತು ಹೊಸದಾಗಿ ಶುರು ಮಾಡಲಾ? ನಾಲ್ಕೂ ಸರಿಯಾದ ದಾರಿಗಳೇ. ಆದರೆ ಒಬ್ಬರ ಲಾನಿಗೆ ಒಗ್ಗಿದ್ದು ಇನ್ನೊಬ್ಬರ ಲಾನಿನಲ್ಲಿ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗುತ್ತದೆ.

ನಾನು ಇದನ್ನು ಕೈ ಸುಟ್ಟುಕೊಂಡೇ ಕಲಿತೆ. ಮೊದಲ ಸಲ ಮನೆ ಮುಂದಿನ ಬೋಳು ಜಾಗಕ್ಕೆ ಹಿಂದೆಮುಂದೆ ನೋಡದೆ ಹುಲ್ಲಿನ ಚಾಪೆ ಹಾಸಿಬಿಟ್ಟೆ. ಮೂರು ವಾರ ಕಣ್ಣಿಗೆ ಹಬ್ಬ. ಎರಡನೇ ತಿಂಗಳಿಗೆ ಅದೇ ಜಾಗ, ಹೆಚ್ಚುಕಡಿಮೆ ಅದೇ ಆಕಾರದಲ್ಲಿ ಹಳದಿ ತಿರುಗಿತು. ಅಂಚು ಹಿಡಿದು ಎತ್ತಿದರೆ ಸಲೀಸಾಗಿ ಎದ್ದು ಬಂತು. ಬೇರು ಕೆಳಗೆ ಇಳಿದೇ ಇರಲಿಲ್ಲ. ಹಾರೆ ಹಾಕಿದೆ. ಗೇಣು ಇಳಿಯುವ ಮೊದಲೇ ಟಣ್ ಅಂತು. ಮನೆ ಕಟ್ಟುವಾಗ ಗಾರೆ ಕಲಸಿದ ಜಾಗ ಅದು. ಮಿಕ್ಕಿದ ಸಿಮೆಂಟ್, ಜಲ್ಲಿ, ಇಟ್ಟಿಗೆ ಚೂರು ಎಲ್ಲ ಅಲ್ಲೇ ಗಟ್ಟಿಯಾಗಿ ಕೂತಿತ್ತು. ಅದರ ಮೇಲೆ ನಾಲ್ಕು ಬೆರಳು ಮಣ್ಣು. ಯಾವ ಹುಲ್ಲು ತಾನೇ ಬದುಕೀತು?

ಹಾಗಾಗಿ ಯಾವ ಹುಲ್ಲು ಹಾಕಲಿ ಅನ್ನುವುದು ಆಮೇಲಿನ ಮಾತು. ಇದ್ದ ಹುಲ್ಲು ಯಾಕೆ ಹೋಯಿತು ಅನ್ನುವುದು ಮೊದಲ ಮಾತು.

ಆರಿಸುವ ಮುಂಚೆ ನೋಡಬೇಕಾದ್ದು

ಬೋಳಿನ ಆಕಾರವೇ ಅರ್ಧ ಕಥೆ ಹೇಳುತ್ತದೆ. ಗೇಟಿನಿಂದ ಬಾಗಿಲಿಗೆ ಪಟ್ಟಿ ಎಳೆದ ಹಾಗಿದ್ದರೆ ಅದು ಕಾಲುದಾರಿ. ನೀವು ಏನು ಬಿತ್ತಿದರೂ ಜನ ಅಲ್ಲೇ ನಡೆಯುತ್ತಾರೆ. ನಡುವೆ ಒಣಗಿ ಸುತ್ತ ಕಡು ಹಸಿರಿನ ಬಳೆ ಇದ್ದರೆ ನಾಯಿ ಉಚ್ಚೆ. ಅದರಲ್ಲಿರುವ ಸಾರಜನಕ ನಡುವೆ ಜಾಸ್ತಿಯಾಗಿ ಸುಡುತ್ತದೆ, ಅಂಚಿನಲ್ಲಿ ಗೊಬ್ಬರವಾಗುತ್ತದೆ. ಒಣಗಿದ ಹುಲ್ಲು ಕಂಬಳಿಯ ಹಾಗೆ ಸುರುಳಿ ಸುತ್ತಿಕೊಂಡು ಎದ್ದು ಬಂದರೆ, ಕೆಳಗೆ ಬೆಳ್ಳಗೆ, ಕೊಕ್ಕೆಯ ಹಾಗೆ ಬಾಗಿ ಮಲಗಿರುವ ಗೊಣ್ಣೆ ಹುಳು ಇದೆಯಾ ನೋಡಿ. ಒಂದು ಚದರ ಅಡಿಯಲ್ಲಿ ಒಂದೆರಡು ಸಿಕ್ಕರೆ ಗಾಬರಿ ಬೇಡ. ಹತ್ತರ ಹತ್ತಿರ ಸಿಕ್ಕರೆ ಮೊದಲು ಹುಳುವಿನ ಕೆಲಸ ಮುಗಿಸಿ. ಮರದ ಕೆಳಗೆ ಮಾತ್ರ ಬೋಳಾಗಿದ್ದರೆ ನೆರಳು. ಮಳೆ ನಿಂತು ಒಂದು ದಿನವಾದರೂ ಕಾಲಿಟ್ಟರೆ ಪಚಕ್ ಅನ್ನುವ ಜಾಗದಲ್ಲಿ ನೀರು ಇಂಗುತ್ತಿಲ್ಲ. ಎಲ್ಲೂ ಪೂರ್ತಿ ಬೋಳಿಲ್ಲ, ಆದರೆ ಎಲ್ಲ ಕಡೆ ತೆಳ್ಳಗಿದೆ ಅಂದರೆ ಸಾರವಿಲ್ಲದ ಮಣ್ಣು, ಅಥವಾ ತೀರಾ ಗಿಡ್ಡವಾಗಿ ಕತ್ತರಿಸುವ ಚಟ.

ಎರಡನೆಯದು, ಎಷ್ಟು ಹೋಗಿದೆ. ಕಣ್ಣಳತೆಯನ್ನು ನಂಬಬೇಡಿ, ಬೋಳು ಯಾವಾಗಲೂ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಲಾನಿನ ಮೇಲೆ ಅಡ್ಡಾದಿಡ್ಡಿ ಐವತ್ತು ಹೆಜ್ಜೆ ನಡೆಯಿರಿ. ಪ್ರತಿ ಹೆಜ್ಜೆಗೂ ಹೆಬ್ಬೆರಳ ತುದಿಯಲ್ಲಿ ಏನಿದೆ ನೋಡಿ: ಹುಲ್ಲಾ, ಕಳೆಯಾ, ಮಣ್ಣಾ. ಇಪ್ಪತ್ತೈದಕ್ಕಿಂತ ಹೆಚ್ಚು ಸಲ ಒಳ್ಳೆ ಹುಲ್ಲು ಬಂದರೆ ತೇಪೆ ಹಾಕಿ ಉಳಿಸಿಕೊಳ್ಳಬಹುದು. ಅದಕ್ಕಿಂತ ಕಡಿಮೆ ಬಂದರೆ ಹೊಸದಾಗಿ ಮಾಡುವುದೇ ಕೊನೆಗೆ ಕಡಿಮೆ ಕೆಲಸ.

ಆಮೇಲೆ ಬಿಸಿಲು. ಗರಿಕೆ ಜಾತಿಗೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ನಾಲ್ಕು ಗಂಟೆಗಿಂತ ಕಡಿಮೆ ಇದ್ದರೆ ಲಾನಿಗೆ ಹಾಕುವ ಯಾವ ಹುಲ್ಲೂ ದಟ್ಟವಾಗಿ ನಿಲ್ಲುವುದು ಕಷ್ಟ. ಕೊನೆಗೆ ನಿಮ್ಮದೇ ಲೆಕ್ಕ: ಎಷ್ಟು ತಿಂಗಳು ಕಾಯಬಲ್ಲಿರಿ, ಎಷ್ಟು ಖರ್ಚು ಮಾಡಬಲ್ಲಿರಿ, ಬೆನ್ನು ಎಷ್ಟು ತಡೆಯುತ್ತದೆ. ಮೂರನೆಯದನ್ನು ಮರೆತು ಹಾರೆ ಹಿಡಿದವರು ಅರ್ಧ ಅಗೆದು ಬಿಟ್ಟ ಲಾನುಗಳನ್ನು ಬೇಕಾದಷ್ಟು ನೋಡಿದ್ದೇನೆ.

ಮಣ್ಣನ್ನು ಮಾತಾಡಿಸಿ

ಉದ್ದನೆಯ ಸ್ಕ್ರೂಡ್ರೈವರ್ ಒಂದು ಸಾಕು. ನೀರು ಹಾಕಿದ ಮರುದಿನ ಬೋಳು ಜಾಗದಲ್ಲಿ ಚುಚ್ಚಿ. ಕೈಬಲಕ್ಕೆ ಆರು ಇಂಚು ಇಳಿದರೆ ಮಣ್ಣು ಸಡಿಲವಿದೆ. ಎರಡು ಇಂಚಿಗೇ ನಿಂತರೆ ಮಣ್ಣು ಬಿಗಿದಿದೆ, ಇಲ್ಲ ಕೆಳಗೆ ಏನೋ ಇದೆ. ನಾಲ್ಕಾರು ಕಡೆ ಚುಚ್ಚಿದರೆ ಯಾವುದು ಅಂತ ಗೊತ್ತಾಗುತ್ತದೆ. ನಾನು ಆ ಚಾಪೆ ಹಾಸುವ ಮೊದಲು ಎರಡು ನಿಮಿಷ ಈ ಕೆಲಸ ಮಾಡಿದ್ದರೆ ಸಾಕಿತ್ತು.

ಇನ್ನು ಬಾಟಲಿ ಪರೀಕ್ಷೆ. ನೆಟ್ಟಗಿರುವ ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು, ಪಾತ್ರೆ ತೊಳೆಯುವ ಸೋಪಿನ ಒಂದೆರಡು ಹನಿ. ಚೆನ್ನಾಗಿ ಕುಲುಕಿ ಇಡಿ. ಒಂದು ನಿಮಿಷದೊಳಗೆ ತಳಕ್ಕೆ ಕೂರುವುದು ಮರಳು. ಒಂದೆರಡು ಗಂಟೆಯಲ್ಲಿ ಅದರ ಮೇಲೆ ಕೂರುವ ನುಣ್ಣನೆಯ ಪದರ ಹೂಳು. ಒಂದೆರಡು ದಿನ ನೀರನ್ನು ಕದಡಿಸಿಕೊಂಡೇ ಇದ್ದು ಕೊನೆಗೆ ಇಳಿಯುವುದು ಜೇಡಿ. ಪದರಗಳನ್ನು ಸ್ಕೇಲ್ ಇಟ್ಟು ಅಳೆದರೆ ನಿಮ್ಮ ಮಣ್ಣಿನ ಜಾತಕ ಕೈಗೆ ಸಿಕ್ಕ ಹಾಗೆ.

ನೀರು ಇಂಗುವುದನ್ನೂ ನೋಡಬೇಕೆಂದರೆ ಒಂದು ಅಡಿ ಆಳದ ಗುಂಡಿ ತೋಡಿ ನೀರು ತುಂಬಿ, ಪೂರ್ತಿ ಇಂಗಿದ ಮೇಲೆ ಮತ್ತೊಮ್ಮೆ ತುಂಬಿ. ಎರಡನೇ ಸಲ ಗಂಟೆಗೆ ಒಂದು ಇಂಚಿನ ಆಸುಪಾಸು ಇಳಿದರೆ ಚೆನ್ನ. ಅರ್ಧ ಇಂಚೂ ಇಳಿಯದಿದ್ದರೆ ಹುಲ್ಲಿನ ಬೇರು ಕೊಳೆಯುವ ಜಾಗ ಅದು.

ಪಿಎಚ್, ಅಂದರೆ ಮಣ್ಣು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನುವ ಅಳತೆ, ಅದನ್ನು ಮಾತ್ರ ಊಹೆಯ ಮೇಲೆ ಬಿಡಬೇಡಿ. ಹೆಚ್ಚಿನ ಹುಲ್ಲುಗಳಿಗೆ 6ರಿಂದ 7ರ ನಡುವೆ ಇದ್ದರೆ ಹಿತ. ಅದು ಕಡಿಮೆಯಿದ್ದರೆ ಸುಣ್ಣ, ಜಾಸ್ತಿಯಿದ್ದರೆ ಗಂಧಕ. ಆದರೆ ಮಣ್ಣು ಪರೀಕ್ಷೆ ಮಾಡಿಸದೆ ಸುಣ್ಣ ಎರಚುವುದು ಜ್ವರ ನೋಡದೆ ಮಾತ್ರೆ ನುಂಗಿದ ಹಾಗೆ. ಹಳೆ ಕಟ್ಟಡದ ಗಾರೆ, ಸಿಮೆಂಟ್ ಬೆರೆತ ಮಣ್ಣು ಮೊದಲೇ ಕ್ಷಾರವಾಗಿರುತ್ತದೆ. ಅಲ್ಲಿ ಇನ್ನಷ್ಟು ಸುಣ್ಣ ಹಾಕಿದರೆ ಇದ್ದ ಹುಲ್ಲೂ ಹೋಗುತ್ತದೆ.

ಮಣ್ಣಿಗೆ ಏನು ಮಾಡುವುದು

*ಬರೀ ಗೊಬ್ಬರ.* ಅತಿ ಅಗ್ಗ, ಅತಿ ಸುಲಭ. ಲಾನ್ ತೆಳ್ಳಗಿದ್ದು, ಬೋಳು ಅಂಗೈಯಗಲ ಮಾತ್ರ ಇದ್ದರೆ ಇಷ್ಟೇ ಸಾಕಾಗಬಹುದು. ಒಂದು ಸಲಕ್ಕೆ ಚದರ ಮೀಟರಿಗೆ 5 ಗ್ರಾಂ ಸಾರಜನಕ ಮೀರಬಾರದು. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ. ಅಂದರೆ ಚದರ ಮೀಟರಿಗೆ ಹೆಚ್ಚೆಂದರೆ 11 ಗ್ರಾಂ ಯೂರಿಯಾ, ಸುಮಾರು ಮೂರು ಟೀ ಚಮಚದಷ್ಟು. ಜನ ಹಾಕುವುದು ಮುಷ್ಟಿಗಟ್ಟಲೆ! ಮರುದಿನ ಕಂದು ಚುಕ್ಕೆ ಬಿದ್ದಾಗ ರೋಗ ಬಂತು ಅಂದುಕೊಳ್ಳುತ್ತಾರೆ. ಒದ್ದೆ ಎಲೆಯ ಮೇಲೆ ಎರಚಬೇಡಿ, ಹಾಕಿದ ಕೂಡಲೇ ನೀರು ಬಿಡಿ. ಮರಳು ಮಣ್ಣಿನವರು ಇದೇ ಪ್ರಮಾಣವನ್ನು ಎರಡು ಮೂರು ಕಂತು ಮಾಡಿ ಹಾಕಿ, ಇಲ್ಲದಿದ್ದರೆ ಅರ್ಧ ನೀರಿನ ಜೊತೆ ಕೆಳಗೆ ಹೋಗಿಬಿಡುತ್ತದೆ. ಬಿಗಿದ ಮಣ್ಣಿಗೆ, ನೆರಳಿಗೆ, ಪೂರ್ತಿ ಬೋಳಿಗೆ ಗೊಬ್ಬರದಿಂದ ಏನೂ ಆಗುವುದಿಲ್ಲ.

ದುಡ್ಡೇ ಇಲ್ಲದೆ ಮಾಡುವ ಒಂದು ಕೆಲಸವೂ ಇದೆ. ಕತ್ತರಿಸುವ ಯಂತ್ರದ ಬ್ಲೇಡನ್ನು ಮೇಲೆ ಎತ್ತಿ. ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕತ್ತರಿಸಬೇಡಿ. ಮೇಲೆ ಗಿಡ್ಡವಾದಷ್ಟೂ ಕೆಳಗೆ ಬೇರೂ ಗಿಡ್ಡ. ಕತ್ತರಿಸಿದ ಚೂರನ್ನು ಗುಡಿಸಿ ಎಸೆಯದೆ ಅಲ್ಲೇ ಬಿಟ್ಟರೆ ವರ್ಷಕ್ಕೆ ಬೇಕಾದ ಸಾರಜನಕದ ಕಾಲು ಭಾಗದಷ್ಟು ಅದರಿಂದಲೇ ಸಿಗುತ್ತದೆ.

*ತೂತು ಹಾಕಿ ಕಾಂಪೋಸ್ಟ್ ಹರಡುವುದು.* ನನ್ನ ಓಟು ಇದಕ್ಕೇ. ಅರ್ಧಕ್ಕಿಂತ ಜಾಸ್ತಿ ಹುಲ್ಲು ಉಳಿದಿರುವ, ಮಣ್ಣು ಬಿಗಿದಿರುವ ಲಾನಿಗೆ ಖರ್ಚಿಗೂ ಫಲಕ್ಕೂ ಇದರಷ್ಟು ಹೊಂದುವ ದಾರಿ ಬೇರೆ ಕಂಡಿಲ್ಲ.

ತೂತು ಅಂದರೆ ಮೊಳೆ ಚುಚ್ಚುವುದಲ್ಲ. ಮೊಳೆ ಚುಚ್ಚಿದರೆ ಮಣ್ಣು ಪಕ್ಕಕ್ಕೆ ಒತ್ತಿಕೊಳ್ಳುತ್ತದೆ, ತೂತಿನ ಗೋಡೆ ಇನ್ನೂ ಬಿಗಿಯಾಗುತ್ತದೆ. ಅಡಿಯಲ್ಲಿ ಮೊಳೆ ಇರುವ ಚಪ್ಪಲಿ ಕಟ್ಟಿಕೊಂಡು ಲಾನಿನ ಮೇಲೆ ನಡೆಯುವವರಿಗೆ ಕಾಲಿನ ವ್ಯಾಯಾಮ ಆಗುತ್ತದೆ, ಅಷ್ಟೇ. ಬೇಕಾಗಿರುವುದು ಟೊಳ್ಳು ಕೊಳವೆಯ ಸಲಕರಣೆ. ಅದು ಬೆರಳು ಗಾತ್ರದ ಮಣ್ಣನ್ನು ಎರಡು ಮೂರು ಇಂಚು ಆಳದಿಂದ ಕಿತ್ತು ಮೇಲೆ ಹಾಕುತ್ತದೆ. ಕಾಲಿನಿಂದ ಒತ್ತುವಂಥದ್ದು ಸಣ್ಣ ಲಾನಿಗೆ ಸಾಕು, ದೊಡ್ಡದಕ್ಕೆ ಯಂತ್ರ ಬಾಡಿಗೆಗೆ ತರುವುದು ಲೇಸು. ಹಿಂದಿನ ದಿನ ನೀರು ಹಾಕಿರಬೇಕು. ಕೆಸರೂ ಆಗಿರಬಾರದು, ಒಣಗಿಯೂ ಇರಬಾರದು. ಮುಗಿದ ಮೇಲೆ ಲಾನಿನ ತುಂಬ ಮಣ್ಣಿನ ಸಣ್ಣ ಸಣ್ಣ ಬತ್ತಿಗಳು ಬಿದ್ದಿರುತ್ತವೆ. ನೋಡಲು ಗಲೀಜು. ತೆಗೆಯಬೇಡಿ, ಒಂದೆರಡು ವಾರದಲ್ಲಿ ಪುಡಿಯಾಗಿ ಸೇರಿಕೊಳ್ಳುತ್ತವೆ.

ಆ ತೂತುಗಳ ಮೇಲೆ ಜರಡಿ ಹಿಡಿದ ಕಾಂಪೋಸ್ಟ್ ಹರಡಿ, ಕುಂಟೆಯ ಬೆನ್ನಿನಿಂದ ಎಳೆದಾಡಿ. ದಪ್ಪ 1 ಸೆಂಟಿಮೀಟರ್ ಮೀರಬಾರದು, ಹುಲ್ಲಿನ ತುದಿ ಹೊರಗೆ ಕಾಣುತ್ತಲೇ ಇರಬೇಕು. 100 ಚದರ ಅಡಿಗೆ 20 ಲೀಟರಿನ ಬಕೆಟ್ಟಿನಲ್ಲಿ ಐದು ಬಕೆಟ್ ಹಿಡಿಯುತ್ತದೆ. ಕಾಂಪೋಸ್ಟ್ ಪೂರ್ತಿ ಕಳಿತಿರಲಿ. ಸಂಶಯವಿದ್ದರೆ ಒಂದು ಮುಷ್ಟಿ ಒದ್ದೆ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಡಿ. ಮೂರು ದಿನ ಬಿಟ್ಟು ಬಿಚ್ಚಿದಾಗ ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಸರಿ. ಹುಳಿ ನಾತ ಬಂದರೆ ಇನ್ನೂ ಕೊಳೆಯುತ್ತಿದೆ ಅಂತ ಅರ್ಥ, ಅದು ಹುಲ್ಲಿನ ಪಾಲಿನ ಸಾರಜನಕವನ್ನೇ ಕಸಿಯುತ್ತದೆ. ಸರಿಯಾಗಿ ಕಳಿಯದ ಕೊಟ್ಟಿಗೆ ಗೊಬ್ಬರದ ಜೊತೆ ಕಳೆ ಬೀಜವೂ ಉಚಿತವಾಗಿ ಬರುತ್ತದೆ.

ಇದರ ಕೊರತೆ ಏನೆಂದರೆ ನಿಧಾನ. ಒಂದು ಸಲಕ್ಕೆ ಪವಾಡ ಆಗುವುದಿಲ್ಲ. ವರ್ಷಕ್ಕೊಮ್ಮೆಯಂತೆ ಎರಡು ಮೂರು ವರ್ಷ ಮಾಡಿದಾಗ ಅದೇ ಸ್ಕ್ರೂಡ್ರೈವರ್ ಸರಾಗವಾಗಿ ಇಳಿಯತೊಡಗುತ್ತದೆ.

*ಹೊರಗಿನಿಂದ ಮಣ್ಣು ತರಿಸುವುದು.* ಎಲ್ಲರಿಗೂ ಮೊದಲು ಹೊಳೆಯುವುದು ಇದೇ. ನನಗೆ ಇದರ ಮೇಲೆ ಅಷ್ಟು ಪ್ರೀತಿ ಇಲ್ಲ. ತಗ್ಗು ತುಂಬಲು, ಮೇಲ್ಮಣ್ಣೇ ಇಲ್ಲದ ಕಡೆ ಇದು ಬೇಕೇ ಬೇಕು. ಆದರೆ ಬಂದ ಮಣ್ಣಿನಲ್ಲಿ ತುಂಗೆ ಅನ್ನುವ ಕಳೆಯ ಗಡ್ಡೆ ಇದ್ದರೆ ಮುಂದಿನ ಐದು ವರ್ಷ ನಿಮಗೆ ಅದನ್ನು ಕೀಳುವುದೇ ಕಸುಬು. ಹಾಕಿಸಿಕೊಳ್ಳುವ ಮುಂಚೆ ಒಂದು ಬಕೆಟ್ ಮಣ್ಣು ತಂದು ನೀರು ಹಾಕಿ ಎರಡು ವಾರ ಇಟ್ಟು ನೋಡಿ, ಏನೇನು ಮೊಳೆಯುತ್ತದೆ ಅಂತ. ಇನ್ನೊಂದು ತೊಂದರೆ, ಗಟ್ಟಿ ನೆಲದ ಮೇಲೆ ಬೇರೆ ಜಾತಿ ಮಣ್ಣನ್ನು ಹಾಗೇ ಸುರಿದರೆ ಎರಡರ ನಡುವಿನ ಗೆರೆಯಲ್ಲಿ ನೀರು ತಡೆದು ನಿಲ್ಲುತ್ತದೆ, ಬೇರೂ ಅಲ್ಲೇ ನಿಲ್ಲುತ್ತದೆ. ಮೊದಲು ಒಂದಿಷ್ಟು ಹಾಕಿ ಹಳೆ ಮಣ್ಣಿನ ಜೊತೆ ಕೊಚ್ಚಿ ಬೆರೆಸಿ, ಆಮೇಲೆ ಉಳಿದದ್ದನ್ನು ಸುರಿಯಬೇಕು.

ಜೇಡಿಮಣ್ಣು ಸಡಿಲವಾಗಲಿ ಅಂತ ಮರಳು ಬೆರೆಸುವವರಿಗೆ ಒಂದು ಮಾತು: ಬೇಡ. ಒಟ್ಟು ಮಣ್ಣಿನ ಅರ್ಧಕ್ಕಿಂತ ಜಾಸ್ತಿ ಮರಳಾಗದ ಹೊರತು ಉಪಯೋಗವಿಲ್ಲ. ಸ್ವಲ್ಪ ಬೆರೆಸಿದರೆ ಒಣಗಿದಾಗ ಇಟ್ಟಿಗೆಯ ಹಾಗೆ ಗಟ್ಟಿಯಾಗುತ್ತದೆ. ಜಿಪ್ಸಮ್ ಕೂಡ ಹಾಗೇ. ಸೋಡಿಯಂ ಜಾಸ್ತಿಯಿರುವ ಮಣ್ಣಿಗೆ ಅದು ಮದ್ದು, ಸುಮ್ನೆ ಬಿಗಿದ ಮಣ್ಣಿಗೆ ಅಲ್ಲ. ಜೇಡಿಗೂ ಮರಳಿಗೂ ಎರಡಕ್ಕೂ ಆಗಿಬರುವುದು ಕಾಂಪೋಸ್ಟ್ ಒಂದೇ. ಜೇಡಿಯನ್ನು ಸಡಿಲ ಮಾಡುತ್ತದೆ, ಮರಳಿನಲ್ಲಿ ನೀರು ಹಿಡಿದಿಡುತ್ತದೆ.

*ಪೂರ್ತಿ ಅಗೆಯುವುದು.* ಅರ್ಧಕ್ಕಿಂತ ಜಾಸ್ತಿ ಬೋಳು ಅಥವಾ ಕಳೆ ಇದ್ದರೆ, ಕೆಳಗೆ ಕಟ್ಟಡದ ಕಸ ಇದ್ದರೆ, ನೀರು ಇಂಗದಿದ್ದರೆ, ಇದೇ ದಾರಿ. ಆರು ಇಂಚು ಅಗೆದು, ಕಲ್ಲು ಕಸ ಆರಿಸಿ, ಒಂದರಿಂದ ಎರಡು ಇಂಚು ಕಾಂಪೋಸ್ಟ್ ಬೆರೆಸಿ, ಇಳಿಜಾರನ್ನು ಮನೆಯಿಂದ ಹೊರಗೆ ಬರುವ ಹಾಗೆ ಮಟ್ಟ ಮಾಡಿ, ಮಣ್ಣು ಕೂರಲು ಒಂದೆರಡು ವಾರ ಬಿಡಬೇಕು. ಎರಡು ಇಂಚು ಹಾಕುವುದಾದರೆ 100 ಚದರ ಅಡಿಗೆ ಐದು ಬಕೆಟ್ಟಿನ ಬದಲು ಇಪ್ಪತ್ತೈದು. ಖರ್ಚು, ಬೆನ್ನುನೋವು ಎರಡೂ ಅದೇ ಲೆಕ್ಕದಲ್ಲಿ ಏರುತ್ತವೆ. ಮಣ್ಣು ಹಸಿಯಿರುವಾಗ ಮಾತ್ರ ಅಗೆಯಬೇಡಿ. ಮುಷ್ಟಿಯಲ್ಲಿ ಹಿಡಿದು ಉಂಡೆ ಮಾಡಿ, ಬೆರಳಿನಿಂದ ಒತ್ತಿದರೆ ಪುಡಿಯಾಗಬೇಕು. ಮೆತ್ತಿಕೊಂಡರೆ ಇನ್ನೆರಡು ದಿನ ಕಾಯಿರಿ. ಹಸಿ ಜೇಡಿಯನ್ನು ಅಗೆದರೆ ಹೆಂಟೆಗಳು ಒಣಗಿ ಕಲ್ಲಾಗುತ್ತವೆ.

ಹುಲ್ಲು: ಬೀಜ, ಕಡ್ಡಿ, ಚಾಪೆ

ಬೀಜ ಅತಿ ಅಗ್ಗ, ಜಾತಿಗಳ ಆಯ್ಕೆಯೂ ಜಾಸ್ತಿ. ಆದರೆ ನೀವು ಮನೆಯಲ್ಲೇ ಇರಬೇಕು. ಮೊಳೆಯುವ ತನಕ ಮೇಲಿನ ಕಾಲು ಇಂಚು ಮಣ್ಣು ಒಣಗಲೇಬಾರದು, ದಿನಕ್ಕೆ ಎರಡು ಮೂರು ಸಲ ಹನಿಹನಿಯಾಗಿ ನೀರು ಚಿಮುಕಿಸಬೇಕು. ರೈ ಹುಲ್ಲು ಐದರಿಂದ ಹತ್ತು ದಿನದಲ್ಲಿ ಮೊಳೆಯುತ್ತದೆ, ಗರಿಕೆ ಒಂದರಿಂದ ಮೂರು ವಾರ ತೆಗೆದುಕೊಳ್ಳುತ್ತದೆ, ಬ್ಲೂಗ್ರಾಸ್ ಎರಡರಿಂದ ನಾಲ್ಕು ವಾರ. ನಡುವೆ ಎರಡು ದಿನ ಊರಿಗೆ ಹೋದರೆ ಮುಗಿಯಿತು. ಗಟ್ಟಿ ನೆಲದ ಮೇಲೆ ಸುಮ್ನೆ ಉದುರಿಸಿದ ಬೀಜ ಹಕ್ಕಿಗಳ ಪಾಲು. ಕುಂಟೆಯಿಂದ ಕೆರೆದು, ಉದುರಿಸಿ, ತೆಳ್ಳಗೆ ಕಾಂಪೋಸ್ಟ್ ಮುಚ್ಚಿ, ಕಾಲಿನಿಂದ ಮೆಲ್ಲಗೆ ತುಳಿಯಿರಿ.

ಕಡ್ಡಿ ನೆಡುವುದು ನಡುವಿನ ದಾರಿ. ಹಬ್ಬುವ ಹುಲ್ಲುಗಳಿಗೆ ಮಾತ್ರ ಆಗುತ್ತದೆ. ಎರಡು ಮೂರು ಗಿಣ್ಣು ಇರುವ ತುಂಡನ್ನು ಕನಿಷ್ಠ ಒಂದು ಗಿಣ್ಣಾದರೂ ಮಣ್ಣಿನೊಳಗೆ ಹೋಗುವ ಹಾಗೆ ನಾಲ್ಕರಿಂದ ಆರು ಇಂಚು ಅಂತರದಲ್ಲಿ ನೆಡಬೇಕು. ಕೆಲವು ಹೈಬ್ರಿಡ್ ಗರಿಕೆಗಳು ಬೀಜವನ್ನೇ ಕಟ್ಟುವುದಿಲ್ಲ, ಅವಕ್ಕೆ ಕಡ್ಡಿ ಅಥವಾ ಚಾಪೆಯೇ ಗತಿ. ಇದರ ಚೆಂದ ಏನೆಂದರೆ ತೇಪೆ ಹಾಕಲು ಹುಲ್ಲು ಕೊಳ್ಳಬೇಕಾಗಿಲ್ಲ. ನಿಮ್ಮದೇ ಲಾನಿನ ಅಂಚಿನಿಂದ ಕಿತ್ತು ತಂದರಾಯಿತು, ಬಣ್ಣವೂ ಹೊಂದುತ್ತದೆ. ಬಿಸಿಲು, ನೀರು ಸರಿಯಿದ್ದರೆ ಎರಡು ಮೂರು ತಿಂಗಳಲ್ಲಿ ಕೂಡಿಕೊಳ್ಳುತ್ತದೆ. ಅಷ್ಟರಲ್ಲಿ ನಡುವಿನ ಖಾಲಿ ಜಾಗದ ಕಳೆ ಕೀಳುವ ತಾಳ್ಮೆ ಇರಬೇಕು.

ಚಾಪೆ ದುಬಾರಿ, ಆದರೆ ಸಂಜೆಯೊಳಗೆ ಹಸಿರು. ಇಳಿಜಾರಿನಲ್ಲಿ ಬೀಜ ಕೊಚ್ಚಿ ಹೋಗುತ್ತದೆ, ಅಲ್ಲಿ ಚಾಪೆಯೇ ಸರಿ. ಕಿತ್ತ ಒಂದು ದಿನದೊಳಗೆ ಹಾಸಬೇಕು. ಇಟ್ಟಿಗೆ ಕಟ್ಟುವ ಹಾಗೆ ಸಂದು ಒಂದರ ಮೇಲೊಂದು ಬರದಂತೆ, ಅಂಚಿಗೆ ಅಂಚು ಒತ್ತಿ ಕೂರಿಸಬೇಕು. ಬೇರು ಹಿಡಿಯಲು ಎರಡು ಮೂರು ವಾರ ಬೇಕು, ಅಲ್ಲಿಯವರೆಗೆ ಯಾರೂ ತುಳಿಯಬಾರದು. ಮೂಲೆ ಹಿಡಿದು ಮೆಲ್ಲಗೆ ಎಳೆಯಿರಿ, ಬರದಿದ್ದರೆ ಬೇರು ಹಿಡಿದಿದೆ. ಮಣ್ಣು ಸರಿ ಮಾಡದೆ ಹಾಸಿದರೆ ಮೇಲೆ ಥಳಕು, ಒಳಗೆ ಹುಳುಕು. ನನ್ನ ಕಥೆ ಮೊದಲೇ ಹೇಳಿದೆನಲ್ಲ.

ಕಾಲ ಮರೆಯಬೇಡಿ. ಗರಿಕೆಯಂಥ ಬೆಚ್ಚನೆಯ ಹವೆಯ ಹುಲ್ಲನ್ನು ಚಳಿ ಕಳೆದು ಮಣ್ಣು ಕಾಯತೊಡಗಿದಾಗ ಹಾಕಬೇಕು. ರೈ, ಫೆಸ್ಕ್ಯೂ, ಬ್ಲೂಗ್ರಾಸಿನಂಥ ತಂಪು ಹವೆಯ ಹುಲ್ಲಿಗೆ ಬೇಸಿಗೆಯ ಕಾವು ಇಳಿದ ಮೇಲಿನ ವಾರಗಳು ಒಳ್ಳೆಯದು.

ಯಾರಿಗೆ ಯಾವುದು

ದುಡ್ಡು ಕಡಿಮೆ, ಸಮಯ ಇದೆ ಅನ್ನುವವರು ತೂತು, ಕಾಂಪೋಸ್ಟ್, ಕಡ್ಡಿ ಈ ಮೂರನ್ನು ಆರಿಸಿ. ಒಂದೇ ಸಲ ಇಡೀ ಲಾನ್ ಬೇಡ, ಅತಿ ಕೆಟ್ಟ ಮೂಲೆಯಿಂದ ಶುರು ಮಾಡಿ. ಸಮಯವಿಲ್ಲ, ದುಡ್ಡಿದೆ ಅನ್ನುವವರು ಪೂರ್ತಿ ಅಗೆಸಿ ಚಾಪೆ ಹಾಸಿಸಿ. ಆದರೆ ದುಡ್ಡು ಸಾಲದೆ ಒಂದನ್ನು ಬಿಡಬೇಕಾಗಿ ಬಂದರೆ ಚಾಪೆ ಬಿಟ್ಟು ಕಡ್ಡಿಗೆ ಇಳಿಯಿರಿ, ಅಗೆತ ಬಿಡಬೇಡಿ. ಬಾಡಿಗೆ ಮನೆಯವರು, ಒಂದೆರಡು ವರ್ಷ ಮಾತ್ರ ಇರುವವರು ಗೊಬ್ಬರ, ಎತ್ತರದ ಕಟಿಂಗ್, ಬೋಳಿಗೆ ಒಂದಿಷ್ಟು ಬೀಜ, ಇಷ್ಟಕ್ಕೇ ನಿಲ್ಲಿಸಿ. ಮಕ್ಕಳು, ನಾಯಿ ಓಡಾಡುವ ಬಿಸಿಲಿನ ಲಾನಿಗೆ ಗರಿಕೆ ಜಾತಿಯೇ ಗಟ್ಟಿ, ತುಳಿದರೂ ಮತ್ತೆ ಹಬ್ಬಿಕೊಳ್ಳುತ್ತದೆ. ನಾಯಿ ಉಚ್ಚೆ ಹೊಯ್ದ ಕೂಡಲೇ ಅಲ್ಲಿ ಒಂದು ಚೊಂಬು ನೀರು ಸುರಿದರೆ ಕಲೆ ಬೀಳುವುದು ಎಷ್ಟೋ ತಪ್ಪುತ್ತದೆ. ಅರೆ ನೆರಳಿಗೆ ಅಗಲ ಎಲೆಯ ಕಾರ್ಪೆಟ್ ಹುಲ್ಲು, ತಂಪು ಸೀಮೆಯಲ್ಲಾದರೆ ಸಣ್ಣ ಎಲೆಯ ಫೆಸ್ಕ್ಯೂ ನೋಡಬಹುದು.

ಯಾವುದನ್ನೇ ಮಾಡಿದರೂ ಬೇರು ಹಿಡಿದ ಮೇಲೆ ದಿನಾ ಚಿಮುಕಿಸುವುದನ್ನು ನಿಲ್ಲಿಸಿ. ವಾರಕ್ಕೆ ಒಟ್ಟು ಒಂದು ಇಂಚು ನೀರು, ಒಂದೆರಡು ಸಲದಲ್ಲಿ, ಸಾಕು. ಲಾನಿನ ಮೇಲೆ ಖಾಲಿ ಡಬ್ಬಿ ಇಟ್ಟು ಸ್ಪ್ರಿಂಕ್ಲರ್ ಬಿಡಿ, ಡಬ್ಬಿಯಲ್ಲಿ ಒಂದು ಇಂಚು ತುಂಬಲು ಎಷ್ಟು ಹೊತ್ತು ಹಿಡಿಯಿತು ಅಂತ ಗಡಿಯಾರ ನೋಡಿಕೊಳ್ಳಿ.

ಹುಲ್ಲು ಹಾಕದಿರುವುದೂ ಒಂದು ಆಯ್ಕೆ. ದಟ್ಟ ನೆರಳಿಗೆ ನೆರಳು ತಡೆಯುವ ಬಳ್ಳಿ ಅಥವಾ ಎರಡು ಮೂರು ಇಂಚು ತರಗೆಲೆಯ ಹೊದಿಕೆ, ಮರದ ಬುಡಕ್ಕೆ ತಾಗದ ಹಾಗೆ. ಕಾಲುದಾರಿಗೆ ಚಪ್ಪಡಿ ಕಲ್ಲು. ನನ್ನ ಆ ಗಾರೆ ಜಾಗದಲ್ಲಿ ಕೊನೆಗೆ ಮಾಡಿದ್ದೂ ಅರ್ಧ ಇದೇ. ಪಿಕಾಸಿಗೆ ಎದ್ದು ಬಂದಷ್ಟು ಕಡೆ ಕಸ ತೆಗೆದು, ಕಾಂಪೋಸ್ಟ್ ಬೆರೆಸಿ, ಅಂಚಿನಿಂದ ಕಿತ್ತ ಕಡ್ಡಿ ನೆಟ್ಟೆ. ಪಿಕಾಸಿಗೂ ಬಗ್ಗದ ಮೂಲೆಯ ಮೇಲೆ ನಾಲ್ಕು ಚಪ್ಪಡಿ ಹಾಸಿ ಬೆಂಚು ಇಟ್ಟೆ. ಸಂಜೆ ಅಲ್ಲಿ ಕೂತರೆ ಎದುರಿಗೆ ಹುಲ್ಲು ಕಾಣುತ್ತದೆ, ಕೆಳಗಿರುವ ಸಿಮೆಂಟ್ ನೆನಪಾಗುವುದಿಲ್ಲ.